ದೊಡ್ಡಕ್ಕನಿಗೆ ಎಂಜಿನ್ ಕೂರಿಸಿದ್ದು

೩ ಮಾರ್ಚ್

ತಂಗೀ,

ಕೂತ್ಕೊಂಡು ಓದು. ದೊಡ್ಡಕ್ಕ ಹೋಗಿಬಿಟ್ಟಳು. ನಿನ್ನೆ ಸಂಜೆ ಐದು ಗಂಟೆಗೆ ಶೆಡ್ಡಿನ ಸೂರು ಧಡಾರಂತ ಕುಸಿದು ಅವಳ ಮೇಲೇ ಬಿತ್ತು. ನೆತ್ತಿ ಒಳಕ್ಕೆ ಹೋಗಿದೆ, ಎರಡು ಕಣ್ಣೂ ಪುಡಿಪುಡಿ. ನಾನು ಮಾರುದೂರದಲ್ಲೇ ಇದ್ದೆ, ಏನೂ ಮಾಡೋಕಾಗಲಿಲ್ಲ.

ಅಳು ಬಂತಾ? ಒರೆಸ್ಕೋ, ಸುಳ್ಳು. ಬಿದ್ದಿದ್ದು ಸೂರಲ್ಲ, ಸೂರಿಗೆ ನೇತುಹಾಕಿದ್ದ ಹಳೇ ತಗಡಿನ ಡಬ್ಬ. ಅದೂ ದೊಡ್ಡಕ್ಕನ ಮೇಲಲ್ಲ, ನನ್ನ ಚಪ್ಪಲಿ ಮೇಲೆ. ಎಪ್ಪತ್ತನಾಲ್ಕು ತುಂಬಿದ ಮೇಲೂ ನಿನ್ನ ಎದೆ ಧಸಕ್ ಅನ್ನಿಸೋಕೆ ನನಗೆ ಬರುತ್ತಾ ಅಂತ ಪರೀಕ್ಷೆ ಮಾಡಿದೆ, ಅಷ್ಟೇ. ಈ ಭೂಮಿ ಮೇಲೆ ಒಂದು ಕಾರು ಸತ್ತಿತು ಅಂದ್ರೆ ಅಳೋಳು ನೀನೊಬ್ಬಳೇ. ನಿನ್ನನ್ನ ಬಿಟ್ಟು ಇನ್ಯಾರನ್ನ ಹೆದರಿಸಲಿ?

ನಿನ್ನ ಕಾಗದ ಬಂದ ದಿನದಿಂದ ನನಗೆ ಇಪ್ಪತ್ತು ವರ್ಷ ಕಮ್ಮಿಯಾಗಿದೆ. ಅಲ್ವೇ, ನಮ್ಮಿಬ್ಬರಿಗಿಂತ ಮೊದಲೇ ಮನೆಗೆ ಬಂದವಳು ಅಂತ ಅಪ್ಪ ಕಾರಿಗೆ ದೊಡ್ಡಕ್ಕ ಅಂತ ಹೆಸರಿಟ್ಟ. ಅಂಥವಳನ್ನ ಹನ್ನೊಂದು ವರ್ಷ ಖಾಲಿ ಹೊಟ್ಟೆಯಲ್ಲಿ ನಿಲ್ಲಿಸಿದೀನಿ. ನಿನ್ನ ಅತ್ತಿಗೆ ಕಾಯಿಲೆ ಬಿದ್ದ ವರ್ಷ ಎಂಜಿನ್ನೂ ಗೇರ್‌ಬಾಕ್ಸೂ ಇಳಿಸಿದ್ದೆ. ಅವಳು ಹೋದ ಮೇಲೆ ಸ್ಪ್ಯಾನರ್ ಹಿಡಿಯೋಕೆ ಮನಸ್ಸೇ ಬರಲಿಲ್ಲ. ಎಂಜಿನ್ ಮೇಜಿನ ಮೇಲೆ ಚಾದರ ಹೊದ್ದು ಮಲಗಿತ್ತು. ಗೇರ್‌ಬಾಕ್ಸ್ ನನ್ನ ಮಂಚದ ಕೆಳಗೆ. ಬೆಳಿಗ್ಗೆ ಎದ್ದು ಕಾಲು ಇಳಿಸಿದರೆ ಹೆಬ್ಬೆರಳಿಗೆ ಮೊದಲು ಸಿಗೋದು ಅದೇ. "ಮತ್ತೆ ಜೋಡಿಸು ಅಣ್ಣ, ಅವಳು ಓಡೋದನ್ನ ನೋಡಬೇಕು" ಅಂತ ನೀನು ಬರೆದೆಯಲ್ಲ, ಆ ಸಾಲನ್ನ ನಾನು ಮೇಜಿನ ಮೇಲೆ ಅಂಟಿಸಿದೀನಿ.

ನಾಳೆಯಿಂದ ಎಂಜಲು ತೊಳೆಯೋದು. ಆಮೇಲೆ ಒಂದೊಂದೇ ಸೇರಿಸ್ತಾ ಹೋಗ್ತೀನಿ. ಆದ್ರೆ ಅಪ್ಪನ ಪದ್ಧತಿ ಗೊತ್ತಲ್ಲ: ಒಬ್ಬರು ಕೂರಿಸಬೇಕು, ಇನ್ನೊಬ್ಬರು ನೋಡಿ ಹೂಂ ಅನ್ನಬೇಕು, ಆಮೇಲೇ ಬಿಗಿ. ನಮ್ಮ ವರ್ಕ್‌ಶಾಪಲ್ಲಿ ಹೂಂ ಅನ್ನೋ ಕೆಲಸ ನಿನ್ನದು. ಎಂಟು ವರ್ಷದ ಹುಡುಗಿ ಬಾಗಿ ನೋಡಿ ದೊಡ್ಡ ಮೇಸ್ತ್ರಿ ಥರ ಹೂಂ ಅಂತಿದ್ದೆ. ಈಗ ನೀನು ನಾನೂರು ಕಿಲೋಮೀಟರ್ ದೂರ ಇದೀಯ. ಪರವಾಗಿಲ್ಲ, ಅಂಚೆಯಲ್ಲಿ ಹೂಂ ಅನ್ನು. ಕೂರಿಸಿದ್ದನ್ನ ನಾನು ಬರೀತೀನಿ, ನೀನು ಹೂಂ ಕಳಿಸು.

ಮೊದಲು ಕೂರಿಸೋದು: ಫ್ಲೈವೀಲ್, ಎಂಜಿನ್ ಬೆನ್ನಿಗೆ ಕೂರೋ ಭಾರದ ಚಕ್ರ. ಆರು ಬೋಲ್ಟ್, ಎಲ್ಲಾ ಹೊಸದು. ಹೂಂ?

ಮುಗಿದ ಮೇಲೆ ನಿನ್ನ ಮನೆ ಬಾಗಿಲಲ್ಲಿ ಹಾರ್ನ್ ಹೊಡೀತೀನಿ. ತಲೆ ಬಾಚ್ಕೊಂಡು ರೆಡಿಯಾಗಿರು.

ಅಣ್ಣ


೧೧ ಮಾರ್ಚ್

ಅಣ್ಣಾ,

ನಿನ್ನ ಮೊದಲ ನಾಲ್ಕು ಸಾಲು ಓದುವಷ್ಟರಲ್ಲಿ ಕೈಯಲ್ಲಿದ್ದ ಚಹಾ ತಿದ್ದುತ್ತಿದ್ದ ಕರಡಿನ ಮೇಲೆ ಚೆಲ್ಲಿತು. ಹನ್ನೆರಡು ಪುಟ ಮತ್ತೆ ತೆಗೆಸಬೇಕಾಯಿತು. ಪ್ರೆಸ್ಸಿನ ಮಾಲೀಕರು ಏನಾಯಿತೆಂದು ಕೇಳಿದರು. ನಮ್ಮ ಅಕ್ಕ ತೀರಿಕೊಂಡು ತಿರುಗಿ ಬದುಕಿದಳು ಎಂದೆ. ಅರವತ್ತೆಂಟರ ಮುದುಕಿಗೆ ಇನ್ನು ಕೆಲಸ ಕೊಡುವುದು ಬೇಡವೆಂದು ಅವರು ಯೋಚಿಸುತ್ತಿರಬಹುದು.

ಫ್ಲೈವೀಲಿಗೆ ಹೂಂ.

ತಪ್ಪುಗಳು: "ಎಂಜಲು ತೊಳೆಯೋದು" ಎಂದಿದೆ. ಎಂಜಿನ್ ಎಂದಿರಬೇಕು. ಎರಡನೇ ಪುಟದಲ್ಲಿ ಒಂದು ಸಾಲಿನ ಮೇಲೆಯೇ ಇನ್ನೊಂದು ಸಾಲು ಬರೆದಿದ್ದೀಯ. ಕೊನೆಯ ಪುಟದಲ್ಲಿ ಸಾಲುಗಳು ಇಳಿಜಾರಿನಲ್ಲಿ ಜಾರಿದಂತೆ ಬಲಕ್ಕೆ ಇಳಿದಿವೆ. ಕಣ್ಣಿನ ವೈದ್ಯರ ಬಳಿಗೆ ಹೋದೆಯಾ? ಹೋದ ವರ್ಷದಿಂದ ಕೇಳುತ್ತಿದ್ದೇನೆ.

ಎಂಜಿನ್ನಿನ ಮೇಲೆ ಕೊರೆದಿರುವ ನಂಬರನ್ನು ಬರೆದು ಕಳಿಸು. ನನ್ನಲ್ಲಿ ಇರಲಿ.

ತಂಗಿ


೧೯ ಮಾರ್ಚ್

ಪೂರ್ಣವಿರಾಮದವಳೇ,

ಎಂಜಲು ಅಂತ ಬರೆದಿದ್ದು ಬೇಕಂತಲೇ ಕಣೇ. ಹನ್ನೊಂದು ವರ್ಷ ಇಲಿಗಳು ನೆಕ್ಕಿದ ಎಂಜಿನ್ ಎಂಜಲಲ್ಲದೆ ಇನ್ನೇನು? ನೀನು ಸಿಕ್ಕಿಬೀಳ್ತೀಯೋ ಇಲ್ಲವೋ ಅಂತ ಗಾಳ ಹಾಕಿದ್ದೆ. ಸಾಲು ಜಾರಿದ್ದೂ ಅಷ್ಟೇ: ಬ್ರೇಕ್ ಇನ್ನೂ ಹಾಕಿಲ್ಲವಲ್ಲ, ಜಾರದೆ ಏನು ಮಾಡುತ್ತೆ?

ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದೆ. ಗೋಡೆ ಮೇಲಿನ ಅಕ್ಷರ ಓದಿ ಅಂದ. ನಾನು ಓದೋ ಬದಲು, "ಇದರಲ್ಲಿ ಎರಡು ತಪ್ಪಿದೆ, ನನ್ನ ತಂಗಿ ಕರಡು ತಿದ್ದೋಳು, ಅವಳಿಗೆ ಕಳಿಸಿ" ಅಂದೆ. ನಗ್ತಾ ನಗ್ತಾ ಚೀಟಿ ಬರೆದುಕೊಟ್ಟ. ಎಲ್ಲಾ ಸರಿ ಇದೆ.

ನಂಬರ್ ಕೇಳಿದೆಯಲ್ಲ, ನನಗೆ ಎಷ್ಟು ಖುಷಿಯಾಯ್ತು ಗೊತ್ತಾ! ಅಪ್ಪನ ಫೋಟೋ ಪಕ್ಕ ಇಟ್ಕೋತೀಯೇನೋ. ಓದಿ ಬರೆಯೋದು ಯಾರಿಗೆ ಬೇಕು, ಕಾಗದ ಇಟ್ಟು ಪೆನ್ಸಿಲಿಂದ ಉಜ್ಜಿ ಅಚ್ಚೇ ತೆಗೆದು ಕಳಿಸ್ತಾ ಇದೀನಿ. ಮೂಲೆಯಲ್ಲಿ ಕಪ್ಪಗೆ ಇರೋದು ನನ್ನ ಹೆಬ್ಬೆಟ್ಟು. ಅದಕ್ಕೂ ತಪ್ಪು ಹುಡುಕಬೇಡ.

ಈಗ ಕ್ಲಚ್ ಪ್ಲೇಟ್. ಪ್ರೆಸ್ಸಿನವಳಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಇರೋ ದಲ್ಲಾಳಿ ಇದು. ಪೆಡಲ್ ಒತ್ತಿದಾಗ ಇಬ್ಬರನ್ನೂ ಬಿಡಿಸಬೇಕು, ಬಿಟ್ಟಾಗ ಕೂಡಿಸಬೇಕು. ಬಿಡಿಸದೆ ಹೋದ್ರೆ ಗೇರೇ ಬೀಳಲ್ಲ. ಹಳೇ ಪ್ಲೇಟ್ ಸವೆದು ಹಪ್ಪಳ ಆಗಿತ್ತು, ಹೊಸದು ತರಿಸಿದೆ. ಫ್ಲೈವೀಲ್ ಮೇಲೆ ಪ್ಲೇಟ್, ಅದರ ಮೇಲೆ ಒತ್ತು ತಟ್ಟೆ, ನಡುವಿನ ತೂತಿಗೆ ಯಾವುದೋ ಹಳೇ ಗೇರ್‌ಬಾಕ್ಸಿನ ಶಾಫ್ಟ್ ತೂರಿಸಿ ನೇರ ನಿಲ್ಲಿಸಿದೀನಿ. ಬೋಲ್ಟು ಕೈಬಿಗಿ ಮಾತ್ರ. ಎರಡೆರಡು ಸಲ ನೋಡಿದೆ. ನಿನ್ನ ಹೂಂ ಬಂದರೆ ಗಟ್ಟಿ ಬಿಗಿದುಬಿಡ್ತೀನಿ.

ಅಣ್ಣ


೨೬ ಮಾರ್ಚ್

ಅಣ್ಣಾ,

ಹೂಂ.

ಯಾವ ದಿನಕ್ಕೆ ಓಡುವ ಸ್ಥಿತಿಗೆ ಬರುತ್ತದೆ? ಸುಮಾರಾಗಿ ಅಲ್ಲ, ತಾರೀಖು ಬೇಕು. ಗೇರಿನ ಕಡ್ಡಿಯ ತುದಿಯ ಗುಂಡು ಅಪ್ಪನ ಕಾಲದ್ದೇ ಇದೆಯೇ? ಹಿಂದಿನ ಗಾಜಿನಲ್ಲಿ ಬಿರುಕಿದೆಯೇ?

ಪ್ರೆಸ್ಸಿನಲ್ಲಿ ಕೆಲಸ ಹೆಚ್ಚು. ಹಳೆಯ ಕಾರುಗಳ ಬಗ್ಗೆ ದಪ್ಪ ಪುಸ್ತಕವೊಂದು ಅಚ್ಚಾಗುತ್ತಿದೆ.

ತಂಗಿ


೮ ಏಪ್ರಿಲ್

ತಂಗೀ,

ಕೂತಳು! ಕೂತಳು! ಕೂತಳು!

ಮೊದಲು ಗೇರ್‌ಬಾಕ್ಸನ್ನ ಎಂಜಿನ್‌ಗೆ ಸೇರಿಸಿದೆ. ಶಾಫ್ಟಿನ ಹಲ್ಲು ಪ್ಲೇಟಿನ ಹಲ್ಲಿಗೆ ಕೂರಬೇಕು, ಬಲವಂತ ಮಾಡೋ ಹಾಗಿಲ್ಲ. ಬೋಲ್ಟು ಬಿಗಿದು ಎಳೆದುಕೊಳ್ಳೋಣ ಅನ್ನೋನು ಮೆಕ್ಯಾನಿಕ್ ಅಲ್ಲ, ಕಟುಕ. ಗೇರಲ್ಲಿ ಹಾಕಿ, ಹಿಂದಿನ ತುದಿಯನ್ನ ಕೂದಲೆಳೆಯಷ್ಟು ತಿರುಗಿಸ್ತಾ, ತಳ್ಳಿಯೂ ತಳ್ಳದ ಹಾಗೆ ನಿಂತಿದ್ದೆ. ಮೊಣಕಾಲು ಬೈತಾ ಇತ್ತು. ಒಂದು ಗಂಟೆ ಆದ್ಮೇಲೆ 'ಚುಳುಕ್' ಅಂತು. ಆ ಸದ್ದು ಕೇಳಿದವರಿಗೇ ಗೊತ್ತು.

ಮಾರನೇ ದಿನ ಎರಡನ್ನೂ ಸೇರಿಸಿ ಸರಪಳಿ ರಾಟೆಯಲ್ಲಿ ಎತ್ತಿದೆ. ಪಕ್ಕದ ಮನೆ ಟೈಲರಮ್ಮನ್ನ ಕರೆದೆ, ಕೈಕೊಡು ಅಂತ. ಅವಳು ಸರಪಳಿ ಹಿಡ್ಕೊಂಡು ನಿಂತಳು, ನಾನು ಗೇರ್‌ಬಾಕ್ಸಿನ ಬಾಲ ಹಿಡಿದು ಕೆಳಕ್ಕೆ ಬಗ್ಗಿಸಿ ಒಳಗೆ ತೂರಿಸ್ತಾ ಇದ್ದೆ.

"ಅಜ್ಜ, ಎಡಗಡೆ ತಾಗ್ತಾ ಇದೆ."

"ಗೊತ್ತು, ಗೊತ್ತು."

"ಗೊತ್ತಿದ್ರೆ ಯಾಕೆ ತಾಗಿಸ್ತೀರ?"

"ಅವಳಿಗೆ ಕಚಗುಳಿ ಇಡ್ತಾ ಇದೀನಿ. ನೀನು ಸರಪಳಿ ನೋಡ್ಕೋ."

"ಸರಪಳಿ ನೋಡಿದ್ರೆ ಎಂಜಿನ್ ಯಾರು ನೋಡೋದು?"

ಬಾಯಿ ಜೋರು, ಕೈ ಬಂಗಾರ. ಅವಳು 'ಇನ್ನೊಂದು ಬೆರಳು, ಇನ್ನರ್ಧ ಬೆರಳು' ಅಂತ ಬಟ್ಟೆ ಅಳೆದ ಹಾಗೆ ಹೇಳ್ತಾ ಹೋದಳು. ಎಂಜಿನ್ ರಬ್ಬರ್ ಮೆತ್ತೆ ಮೇಲೆ ಕೂತಿದ್ದು ಹಸುಗೂಸು ತೊಟ್ಟಿಲಲ್ಲಿ ಮಲಗಿದ ಹಾಗಿತ್ತು.

ನಿನ್ನ ಪ್ರಶ್ನೆ ಓದಿ ಓದಿ ನಗ್ತಾ ಇದೀನಿ. ಗೇರಿನ ಗುಂಡು, ಹಿಂದಿನ ಗಾಜು! ಹೌದಮ್ಮ, ನೀನು ಕೂತು ಮೂಗು ಒತ್ತಿ ಮಸುಕು ಮಾಡ್ತಿದ್ದ ಗಾಜು ಹಾಗೇ ಇದೆ. ಗುಂಡು ಅಪ್ಪನದ್ದೇ.

ತಾರೀಖು ಕೇಳಿದೆ, ತಗೋ: ಹದಿನೈದಕ್ಕೆ ಚಕ್ರ ಹಾಕ್ತೀನಿ, ಇಪ್ಪತ್ತಕ್ಕೆ ಬೆಳಗ್ಗೆ ಆರಕ್ಕೆ ಹೊರಡ್ತೀನಿ. ಮೊದಲ ಸೇತುವೆ ದಾಟಿ ರೇಡಿಯೇಟರ್ ನೀರು ನೋಡ್ತೀನಿ. ಇಟ್ಟಿಗೆ ಗೂಡಿನ ಹತ್ತಿರ ಅರ್ಧ ಗಂಟೆ ಅವಳಿಗೂ ನನಗೂ ವಿಶ್ರಾಂತಿ. ಘಾಟಿ ಎರಡನೇ ಗೇರಲ್ಲಿ. ಸಂಜೆ ನಾಲ್ಕಕ್ಕೆ ನಿನ್ನ ಬಾಗಿಲು. ಮಾರನೇ ದಿನ ಅಪ್ಪ ನಮ್ಮನ್ನ ಕರ್ಕೊಂಡು ಹೋಗ್ತಿದ್ದ ನದಿ ದಂಡೆ. ನೀನು ಮುಂದಿನ ಸೀಟು. ಈ ಸಲ ಜಗಳ ಇಲ್ಲ.

ಅಣ್ಣ


೧೨ ಏಪ್ರಿಲ್

ಅಣ್ಣಾ,

ಇಪ್ಪತ್ತಕ್ಕೆ ಹೊರಡಬೇಡ. ದಯವಿಟ್ಟು.

ಹದಿನಾರಕ್ಕೆ ಒಬ್ಬರು ಅಲ್ಲಿಗೆ ಬರುತ್ತಾರೆ. ನಾನು ಕರಡು ತಿದ್ದಿದ ಆ ಪುಸ್ತಕ ಬರೆದವರು. ಗಾಡಿಯನ್ನು ತೋರಿಸು, ಸ್ವಲ್ಪ ಓಡಿಸಿ ತೋರಿಸು. ಅವರ ಹತ್ತಿರ ನಿನ್ನ ಹುಡುಗಾಟ ಬೇಡ.

ಉಳಿದದ್ದು ಆಮೇಲೆ ಬರೆಯುತ್ತೇನೆ.

ತಂಗಿ


೧೭ ಏಪ್ರಿಲ್

ನಿನಗೆ,

ಬಂದಿದ್ದ. ಟೈ ಸಾಹೇಬ. ಈ ಸೆಕೆಯಲ್ಲಿ ಟೈ ಕಟ್ಟಿಕೊಂಡು ಶೆಡ್ಡಿಗೆ ಬರೋ ಮನುಷ್ಯನಿಗೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ನಾನು ಏನಂದುಕೊಂಡಿದ್ದೆ ಹೇಳಲಾ? ದೊಡ್ಡಕ್ಕನ ಫೋಟೋ ಪುಸ್ತಕದಲ್ಲಿ ಬರುತ್ತೆ, ತಂಗಿ ನನಗೆ ತಿಳಿಸದೆ ಖುಷಿಪಡಿಸೋಕೆ ಹೊರಟಿದಾಳೆ ಅಂತ. ಗಡ್ಡ ಬೋಳಿಸಿದ್ದೆ. ಟೈಲರಮ್ಮ ಅಂಗಿಗೆ ಎರಡು ಗುಂಡಿ ಹಾಕಿಕೊಟ್ಟಿದ್ದಳು. ಚಹಾ ಸೋಸಿಟ್ಟಿದ್ದೆ.

ಅವನು ಚಹಾ ಮುಟ್ಟಲಿಲ್ಲ. ಬಾನೆಟ್ ಎತ್ತಿಸಿದ. ಚೀಲದಿಂದ ಒಂದು ಕಾಗದ ತೆಗೆದು ಎಂಜಿನ್ ಪಕ್ಕ ಹಿಡಿದು ಒಂದೊಂದೇ ಅಂಕಿ ಬೆರಳಿಟ್ಟು ನೋಡಿದ. ಪೆನ್ಸಿಲ್ ಉಜ್ಜಿದ ಕಾಗದ. ಮೂಲೆಯಲ್ಲಿ ಕಪ್ಪು ಹೆಬ್ಬೆಟ್ಟು. ನನ್ನ ಹೆಬ್ಬೆಟ್ಟು!

"ತಾಳೆ ಆಗುತ್ತೆ. ಒರಿಜಿನಲ್ಲೇ," ಅಂದ.

"ಯಾತಕ್ಕೆ ತಾಳೆ?"

"ಮೇಡಂ ಹೇಳಿಲ್ವಾ? ಗಾಡಿ ನಮ್ಮ ಹಳೇ ಕಾರುಗಳ ಮ್ಯೂಸಿಯಂ ಹಾಲ್‌ಗೆ ಬರ್ತಾ ಇದೆಯಲ್ಲ. ಸುತ್ತ ಗಾಜಿನ ಗೋಡೆ, ತಿರುಗೋ ಕಟ್ಟೆ, ಮೇಲಿಂದ ಲೈಟು. ಎಣ್ಣೆ ನೀರು ಎಲ್ಲಾ ಬಸಿದುಬಿಡ್ತೀವಿ. ನೆಲ ಹಾಳಾಗಬಾರದು ನೋಡಿ."

"ಬಸಿಯೋದಾದ್ರೆ ಎಂಜಿನ್ ಯಾಕೆ ಕೂರಿಸೋಕೆ ಹೇಳಿದ್ರಿ?"

"ಇರಬೇಕು ಅಂತ," ಅಂದ.

ಇರಬೇಕು ಅಂತ. ತಂಗೀ, ಒಂದೂವರೆ ತಿಂಗಳು ನನ್ನ ಮೊಣಕಾಲು ಸವೆಸಿದ್ದು ಇರಬೇಕು ಅಂತ.

ಆಮೇಲೆ ಓಡಿಸಿ ಅಂದ. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು, ಅದರಲ್ಲಿ ತಪ್ಪಿರಲಿಲ್ಲ. ಪೆಡಲ್ ಒತ್ತಿ ಮೊದಲ ಗೇರ್ ಹಾಕೋಕೆ ಹೋದರೆ ಕರ್ರ್ ಕರ್ರ್ ಅಂತ ಹಲ್ಲು ಕಡಿಯುತ್ತೆ, ಬೀಳೋದೇ ಇಲ್ಲ. ಆಫ್ ಮಾಡಿ, ಗೇರಿಗೆ ಹಾಕಿ, ಪೆಡಲ್ ನೆಲಕ್ಕೆ ಒತ್ತಿಹಿಡಿದು ಸ್ಟಾರ್ಟ್ ಮಾಡಿದೆ. ಕ್ಲಚ್ ಬಿಡಿಸಲೇ ಇಲ್ಲ. ದೊಡ್ಡಕ್ಕ ಕಪ್ಪೆ ಥರ ಮುಂದಕ್ಕೆ ನೆಗೆದಳು. ಟೈ ಸಾಹೇಬ ಅದಕ್ಕಿಂತ ಎತ್ತರಕ್ಕೆ ನೆಗೆದು ಮೇಜಿನ ಮೇಲೆ ಎಣ್ಣೆ ಡಬ್ಬಗಳ ನಡುವೆ ಕೂತ. ಬಂಪರ್ ಮೇಜಿಗೆ ತಾಗಿ ಎಂಜಿನ್ ಆಫ್ ಆಯ್ತು. ನಾನು ನಗಬೇಕಿತ್ತು. ಬೇರೆ ದಿನವಾಗಿದ್ದರೆ ಈ ಕಥೆಯನ್ನ ನಿನಗೆ ಹತ್ತು ಪುಟ ಬರೀತಿದ್ದೆ.

"ಅಜ್ಜ, ನಿಮಗೆ ಕಣ್ಣು ಕಾಣಲ್ವಾ?" ಅಂದ, ಅಲ್ಲಿಂದಲೇ. "ಕ್ಲಚ್ ಪ್ಲೇಟ್ ಹಿಂದುಮುಂದು ಹಾಕಿದೀರ. ಯಾವ ಮೆಕ್ಯಾನಿಕ್ ಹೀಗೆ ಮಾಡ್ತಾನೆ?"

ಮೂರು ವಾರ ಟೈಮು ಕೊಟ್ಟಿದಾನೆ. ತಾನಾಗಿ ಓಡಿ ಲಾರಿ ಹತ್ತಿದ್ರೆ ತಗೋತಾನಂತೆ, ಇಲ್ಲಾಂದ್ರೆ ಬೇಡವಂತೆ.

ಗಾಡಿ ನಿನ್ನ ಹೆಸರಲ್ಲಿದೆ, ನನಗೆ ಗೊತ್ತು. "ಇವನು ಹುಡುಗಾಟದವನು, ಇವಳ ಹೆಸರಿಗೇ ಇರಲಿ" ಅಂತ ಅಪ್ಪ ಬರೆಸಿದಾಗ ನಾನೂ ನಕ್ಕಿದ್ದೆ. ನೀನು ನೇರವಾಗಿ "ಮಾರ್ತೀನಿ" ಅಂದಿದ್ರೆ ಜಗಳ ಆಡ್ತಿದ್ದೆ, ಆಮೇಲೆ ಬಾಯಿ ಮುಚ್ಕೋತಿದ್ದೆ. ಆದ್ರೆ ನೀನು ಅವಳನ್ನ ಕಳಿಸೋ ಕೆಲಸವನ್ನ ನನ್ನ ಕೈಯಿಂದಲೇ ಮಾಡಿಸಿದೆ. ಓಡೋದನ್ನ ನೋಡಬೇಕು ಅಂದೆ. ನಂಬರ್ ಕೇಳಿದೆ, ಗುಂಡು ಕೇಳಿದೆ, ಗಾಜು ಕೇಳಿದೆ, ನಾನು ಅದನ್ನೆಲ್ಲ ಪ್ರೀತಿ ಅಂದ್ಕೊಂಡೆ. ಟೈಲರಮ್ಮನ್ನ ಕೈಕೊಡು ಅಂದೆ, ಅವಳು ಸರಪಳಿ ಹಿಡಿದಳು. ನಿನ್ನನ್ನ ಕೇಳದೇ ಇದ್ರೂ ನೀನು ಕೈಕೊಟ್ಟೆ. ಆ ಹೂಂ ಅಂದೆಯಲ್ಲ, ಒಂದೇ ಅಕ್ಷರ, ಅದನ್ನ ಬರೆಯೋವಾಗ ಟೈ ಸಾಹೇಬ ನಿನ್ನ ಎದುರಿಗೇ ಕೂತಿದ್ನಾ?

ಒಂದು ಮಾತ್ರ ತಿಳ್ಕೋ. ನಾನು ಪೆದ್ದನಲ್ಲ. ಎಂಜಿನ್ ನಂಬರ್ ಕೇಳೋದು ಮಾರೋರು ಮಾತ್ರ. ನನಗೆ ಮಾರ್ಚ್‌ನಲ್ಲೇ ವಾಸನೆ ಹೊಡೆದಿತ್ತು. ಆ ಪ್ಲೇಟನ್ನ ಹಿಂದುಮುಂದು ಹಾಕಿದ್ದು ಬೇಕಂತಲೇ. ನಗ್ತಾ ನಗ್ತಾ ಹಾಕಿದೆ. ಐವತ್ತು ವರ್ಷ ಕ್ಲಚ್ ಹಾಕಿದ ಕೈ ಇದು.

ಸಹಿ ಹಾಕೋಕೆ ಮನಸ್ಸಿಲ್ಲ.


೨೩ ಏಪ್ರಿಲ್

ಅಣ್ಣಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಈ ಸಲ ತಪ್ಪು ಹುಡುಕಲು ಅಲ್ಲ.

ಮಾಡಿದ್ದನ್ನು ಮೊದಲು ಹೇಳುತ್ತೇನೆ. ಹೌದು, ಫೆಬ್ರವರಿಯಲ್ಲೇ ಅವರಿಗೆ ಮಾತು ಕೊಟ್ಟಿದ್ದೆ. ನಿನಗೆ ಮೊದಲ ಕಾಗದ ಬರೆಯುವ ಮುಂಚೆ. ಬಿಡಿಭಾಗಗಳಾಗಿ ತೆಗೆದುಕೊಳ್ಳುವುದಿಲ್ಲ, ಅದರದ್ದೇ ಎಂಜಿನ್ ಇರಬೇಕು, ತಾನಾಗಿ ಓಡಬೇಕು ಎಂದಿದ್ದರು. ವಾರಕ್ಕೊಮ್ಮೆ ಎಂಜಿನ್ ಶುರುಮಾಡುತ್ತೇವೆ, ಆ ದಿನ ನಿಮ್ಮ ಅಣ್ಣನನ್ನು ಕರೆಸುತ್ತೇವೆ ಎಂದೂ ಹೇಳಿದ್ದರು. ಎಣ್ಣೆ ಬಸಿಯುವ ಮಾತನ್ನು ನನ್ನ ಮುಂದೆ ಆಡಿರಲಿಲ್ಲ. ಅವರು ನನಗೆ ಹೇಳಿದ್ದೂ ಅರ್ಧ, ನಾನು ನಿನಗೆ ಹೇಳಿದ್ದು ಅದೂ ಇಲ್ಲ.

ಯಾಕೆಂದು ಕೇಳು. ನಲವತ್ತು ವರ್ಷದಿಂದ ಕಾಗದದ ಮೇಲಿನ ಅಕ್ಷರ ನೋಡಿಯೇ ಅನ್ನ ತಿಂದಿದ್ದೇನೆ. ಹೋದ ವರ್ಷದ ಜೂನ್‌ನಿಂದ ನಿನ್ನ ಅಕ್ಷರಗಳ ನಡು ಬಿಟ್ಟುಹೋಗುತ್ತಿದೆ. ಸೊನ್ನೆ ಒಂದು ಕಡೆ, ಅದನ್ನು ಸೇರಬೇಕಾದ ಅಕ್ಷರ ಇನ್ನೊಂದು ಕಡೆ. ಒಂದೇ ಸಾಲನ್ನು ಎರಡು ಬಾರಿ ಬರೆಯುತ್ತೀಯ. ಇದು ಅವಸರದ ಬರಹವಲ್ಲ, ಕಾಣದವನ ಬರಹ. ನಾನು ಕೇಳಿದೆ, ನೀನು ನಗಿಸಿದೆ. ಮತ್ತೆ ಕೇಳಿದೆ, ಮತ್ತೆ ನಗಿಸಿದೆ. ಆ ಗಾಡಿ ಶೆಡ್ಡಿನಲ್ಲಿ ಇರುವವರೆಗೆ ನೀನು ಒಂದಲ್ಲ ಒಂದು ದಿನ ಅದನ್ನು ಜೋಡಿಸಿಕೊಂಡು ರಸ್ತೆಗಿಳಿಯುತ್ತೀಯ ಎಂದು ಹೆದರಿದೆ. ನಿನ್ನ ಕೈಯಿಂದಲೇ ಅದನ್ನು ಕಳಿಸಿಬಿಟ್ಟರೆ ನೀನು ಉಳಿಯುತ್ತೀಯ, ರಸ್ತೆಯ ಮೇಲಿರುವವರೂ ಉಳಿಯುತ್ತಾರೆ ಎಂದುಕೊಂಡೆ. ಇದನ್ನೇ ನೇರವಾಗಿ ಬರೆಯಬೇಕಿತ್ತು. ಬರೆಯಲು ಕೂತಾಗಲೆಲ್ಲ, ನಮ್ಮಣ್ಣನಿಗೆ ನೀನು ಕುರುಡ ಎಂದು ಬರೆಯುತ್ತಿದ್ದೇನೆ ಅನ್ನಿಸಿ ಹಾಳೆ ಹರಿಯುತ್ತಿದ್ದೆ.

ಹೂಂ ಎಂದದ್ದಕ್ಕೆ ಕ್ಷಮೆ ಕೇಳುವುದಿಲ್ಲ, ಅದು ಕ್ಷಮೆಗೆ ಸಿಗುವಂಥದ್ದಲ್ಲ. ನೋಡದೆ ಹೂಂ ಅಂದೆ. ಅಪ್ಪ ಇದ್ದಿದ್ದರೆ ನನ್ನನ್ನು ವರ್ಕ್‌ಶಾಪಿನಿಂದ ಹೊರಗೆ ಹಾಕುತ್ತಿದ್ದರು.

ಈಗ ನಿನ್ನ ಕಾಗದದ ಕೊನೆಯ ಮಾತು. ಮಾರ್ಚ್‌ನಲ್ಲೇ ಗೊತ್ತಿತ್ತು, ಬೇಕೆಂದೇ ತಿರುಗಿಸಿ ಹಾಕಿದೆ ಎನ್ನುತ್ತೀಯ. ಏಪ್ರಿಲ್ ಎಂಟರ ಕಾಗದದಲ್ಲಿ, ಅದೇ ಗಾಡಿಯಲ್ಲಿ ಹೊರಟು ಇಟ್ಟಿಗೆ ಗೂಡಿನ ಹತ್ತಿರ ಅರ್ಧ ಗಂಟೆ ನಿಲ್ಲುತ್ತೇನೆ ಎಂದು ಬರೆದಿದ್ದೀಯ. ಈ ಎರಡು ಸಾಲುಗಳು ಒಂದೇ ಪುಸ್ತಕದಲ್ಲಿ ಬಂದರೆ ನಾನು ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕುತ್ತೇನೆ. ಆದರೂ ತಿದ್ದುವುದಿಲ್ಲ. ಬರೆದವನು ನೀನು, ನೀನೇ ಹೇಳು.

ಬೇಕೆಂದೇ ಮಾಡಿದ್ದಾದರೆ ಅದನ್ನೇ ಇನ್ನೊಮ್ಮೆ ಒಂದು ಸಾಲಿನಲ್ಲಿ ಬರೆ. ನಿನ್ನ ಕಣ್ಣಿನ ವಿಷಯದಲ್ಲಿ ನಾನೇ ತಪ್ಪಿದೆ ಎಂದುಕೊಳ್ಳುತ್ತೇನೆ. ಅವರಿಗೆ ಗಾಡಿ ಕೊಡುವುದಿಲ್ಲ ಎಂದು ತಿಳಿಸಿ, ನಿನ್ನ ಹೆಸರಿಗೆ ಮಾಡಿಸಿ, ತಲೆ ಬಾಚಿಕೊಂಡು ಬಾಗಿಲಲ್ಲಿ ನಿಲ್ಲುತ್ತೇನೆ. ತಪ್ಪಿ ಆದದ್ದಾದರೆ ಅದನ್ನು ಬರೆ. ಆಗ ನೀನು ಸ್ಟೀರಿಂಗ್ ಹಿಡಿಯಕೂಡದು, ಎಂದೆಂದಿಗೂ.

ಯಾವುದನ್ನು ಬರೆದರೂ ನಂಬುತ್ತೇನೆ. ಕೊನೆಯ ಸಲ.

ತಂಗಿ


೨ ಮೇ

ತಂಗೀ,

ಅಕ್ಷರ ಗುಂಡಗೆ, ಸಾಲು ನೆಟ್ಟಗೆ ಇರೋದು ನೋಡಿ ಗಾಬರಿಯಾಗಬೇಡ. ಬರೀತಿರೋದು ಟೈಲರಮ್ಮ. ನಾನು ಹೇಳ್ತಾ ಇದೀನಿ, ಅವಳು ಹೊಲಿದ ಹಾಗೆ ಬರೀತಾ ಇದಾಳೆ. ನಡುವೆ ತನ್ನ ಮಾತು ಸೇರಿಸಬೇಡ ಅಂತ ಹೇಳಿದೀನಿ. (ಸೇರಿಸಿಲ್ಲ ಅಮ್ಮ. ಇವರು ಬೆಳಿಗ್ಗೆಯಿಂದ ಮೂರು ಸಲ ಹೇಳಿ ಮೂರು ಸಲ ಹೊಡೆದುಹಾಕಿಸಿದಾರೆ.)

ಮೊದಲು ಸಿಟ್ಟು. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯುತ್ತೆ ಅಂತ ಮಾತು ಕೊಡೋಕೂ ಆಗಲ್ಲ. ನನಗೆ ಕಣ್ಣು ಕಾಣಲ್ಲ ಅಂತ ಹೊರಗಿನವನೊಬ್ಬ ಮೇಜಿನ ಮೇಲೆ ಕೂತು ಹೇಳೋ ಹಾಗೆ ಮಾಡಿದೆಯಲ್ಲ, ನೀನು ಹೇಳಬೇಕಿತ್ತು. ನಾನು ಹಾಸ್ಯ ಮಾಡಿದ್ರೆ ಇನ್ನೊಂದು ಸಲ ಹೇಳಬೇಕಿತ್ತು. ಹರಿದ ಹಾಳೆಗಳಲ್ಲಿ ಒಂದನ್ನಾದ್ರೂ ಅಂಚೆಗೆ ಹಾಕಬೇಕಿತ್ತು.

ನಿನ್ನ ಕಾಗದ ಬಂದ ದಿನವೇ ಆ ಒಂದು ಸಾಲು ನಾನೇ ಬರೆದೆ. "ಬೇಕಂತಲೇ ಮಾಡಿದೆ." ಚೆನ್ನಾಗಿ ಬಂದಿತ್ತು, ಜಾರಿರಲಿಲ್ಲ. ಕವರಿಗೆ ಹಾಕಿ ಅಂಟಿಸಿ ಅಂಚೆ ಡಬ್ಬಿ ಕಡೆ ಹೊರಟೆ. ದೊಡ್ಡಕ್ಕ ಉಳಿದಳು, ಇನ್ನೊಂದು ವಾರಕ್ಕೆ ನದಿ ದಂಡೆ, ಅಂತ ಲೆಕ್ಕ ಹಾಕ್ತಾ ರಸ್ತೆ ದಾಟ್ತಾ ಇದ್ದೆ. ಯಾರೋ ಕಿಟ್ಟನೆ ಕಿರುಚಿದರು. ಸೈಕಲ್ಲಿನವಳು. ಹಿಂದಿನ ಸೀಟಲ್ಲಿ ಅವಳ ಮಗು. ಕಿರುಚಿದ ಮೇಲೆ ನನಗೆ ಸೈಕಲ್ ಕಂಡಿತು, ಮೊಣಕೈಗೆ ತಾಗುವಷ್ಟು ಹತ್ತಿರ. "ಎದುರಿಗೇ ಬರ್ತಾ ಇದೀನಿ, ನೇರ ನನ್ನನ್ನೇ ನೋಡ್ತಾ ಇದೀರಲ್ಲ ಯಜಮಾನರೇ!" ಅಂತ ಬೈದು ಹೋದಳು.

ನೇರ ಅವಳನ್ನೇ ನೋಡ್ತಾ ಇದ್ದೆ. ಅದಕ್ಕೇ ಕಾಣಲಿಲ್ಲ. ಡಾಕ್ಟರ್ ಹೇಳಿದ್ದು ಅದೇ. ಅಕ್ಷರದ ಬೋರ್ಡಿನ ಹಾಸ್ಯ ನಾನು ಕಟ್ಟಿದ್ದು, ಅವನು ನಗಲಿಲ್ಲ. ನಾನು ನೇರ ನೋಡಿದ್ದು ಮಾಯವಾಗುತ್ತೆ, ಸುತ್ತಲಿದ್ದದ್ದು ಕಾಣುತ್ತೆ. ಒಬ್ಬರ ಮುಖ ನೋಡಬೇಕಾದ್ರೆ ಕಿವಿ ಕಡೆ ನೋಡಬೇಕು. ಮತ್ತೆ ಸರಿಹೋಗಲ್ಲ ಅಂದ. ಇದು ಹೋದ ಜೂನ್‌ನಲ್ಲಿ. ಯಾರಿಗೂ ಹೇಳಿರಲಿಲ್ಲ. ಈಗ ಬರೀತಾ ಇರೋಳಿಗೂ ಗೊತ್ತಿರಲಿಲ್ಲ. (ನಿಜ.)

ನಡೀತಾ ಇದ್ದವನಿಗೆ ಬರೀ ಬೈಗುಳ ಸಿಕ್ಕಿತು. ದೊಡ್ಡಕ್ಕನ ಒಳಗೆ ಕೂತಿದ್ದರೆ ಆ ಮಗುವಿಗೆ ಏನಾಗ್ತಿತ್ತು ಅಂತ ರಸ್ತೆ ಅಂಚಿನ ಕಲ್ಲಿನ ಮೇಲೆ ಕೂತು ತುಂಬಾ ಹೊತ್ತು ಯೋಚಿಸಿದೆ. ಕವರ್ ಜೇಬಲ್ಲೇ ವಾಪಸ್ ಬಂತು.

ಆಮೇಲೆ ಟೈಲರಮ್ಮನ್ನ ಕೂರಿಸಿಕೊಂಡು ಎಲ್ಲಾ ಹೇಳಿದೆ. ಇಬ್ಬರೂ ಸೇರಿ ಗೇರ್‌ಬಾಕ್ಸನ್ನ ಮತ್ತೆ ಹಿಂದಕ್ಕೆ ಸರಿಸಿದ್ವಿ, ಪ್ಲೇಟ್ ಬಿಚ್ಚಿದ್ವಿ. ಅವಳು ಕಿಟಕಿ ಬೆಳಕಿಗೆ ಹಿಡಿದು, "ಅಜ್ಜ, ಇಲ್ಲಿ ಬರೆದಿದೆಯಲ್ಲ, ಫ್ಲೈವೀಲ್ ಕಡೆ ಅಂತ" ಅಂದಳು. ಅಕ್ಕಿಕಾಳಿನಷ್ಟು ಅಕ್ಷರವಂತೆ. ಅವಳು ಓದಿದ ಕಡೆಯನ್ನೇ ಫ್ಲೈವೀಲಿಗೆ ಕೊಟ್ಟು ಜೋಡಿಸಿದ್ವಿ. ಈಗ ಪೆಡಲ್ ಒತ್ತಿದರೆ ಬಿಡಿಸುತ್ತೆ, ಗೇರು ಬೆಣ್ಣೆಗೆ ಬೆರಳಿಟ್ಟ ಹಾಗೆ ಬೀಳುತ್ತೆ. ಬೀದಿ ತುದಿವರೆಗೆ ಹೋಗಿ ಬಂದ್ವಿ. ಓಡಿಸಿದ್ದು ಅವಳು. ನಾನು ಪಕ್ಕದಲ್ಲಿ ಕೂತು ಬೈತಾ ಇದ್ದೆ.

ಗಾಡಿ ರೆಡಿ ಇದೆ. ಯಾರಿಗೆ ಕೊಡ್ತೀಯೋ ಬಿಡ್ತೀಯೋ ನಿನ್ನ ಇಷ್ಟ, ಕಾಗದ ನಿನ್ನ ಹೆಸರಲ್ಲಿದೆ. ಬೇಡ ಅಂತ ನಾನು ಕೇಳಿಕೊಳ್ಳಲ್ಲ. ಲಾರಿ ಬಂದ ದಿನ ಮಾತ್ರ ನಾನು ಶೆಡ್ಡಿನಲ್ಲಿ ಇರಲ್ಲ, ನೀನೇ ಬಂದು ಹತ್ತಿಸು.

ಈಗ ನೀನು ಕೇಳಿದ ಸಾಲು. ಟೈಲರಮ್ಮ, ಇದನ್ನ ಹೊಡೆದುಹಾಕೋಕೆ ಹೇಳಿದ್ರೂ ಹಾಕಬೇಡ.

ಮಾರ್ಚ್‌ನಲ್ಲಿ ಕ್ಲಚ್ ಕೂರಿಸಿದ ದಿನ ಹೊಸ ಪ್ಲೇಟನ್ನ ಕೈಯಲ್ಲಿ ಹಿಡಿದೆ. ಹಳೇ ಪ್ಲೇಟುಗಳಲ್ಲಿ ನಡುವಿನ ಉಬ್ಬು ಒಂದೇ ಕಡೆ, ಹೆಬ್ಬೆರಳು ಆಡಿಸಿದ್ರೆ ಸಾಕು, ಯಾವ ಮಗ್ಗುಲು ಫ್ಲೈವೀಲಿಗೆ ಅಂತ ಗೊತ್ತಾಗುತ್ತೆ. ಇದರಲ್ಲಿ ಎರಡು ಕಡೆಯೂ ಹೆಚ್ಚುಕಮ್ಮಿ ಒಂದೇ. ಎಲ್ಲೋ ಬರೆದಿರ್ತಾರೆ ಅಂತ ಗೊತ್ತಿತ್ತು. ಬೆಳಕಿಗೆ ಹಿಡಿದೆ, ಎಲ್ಲಿ ನೋಡಿದ್ರೆ ಅಲ್ಲಿ ಅಳಿಸಿಹೋಗ್ತಿತ್ತು. ಟೈಲರಮ್ಮ ಗೋಡೆ ಆಚೆ ಮೆಷಿನ್ ತುಳೀತಾ ಇದ್ದಳು. ಕೂಗಿದ್ರೆ ಬಂದು ಓದ್ತಿದ್ದಳು. ಕೂಗಲಿಲ್ಲ. ಕೂಗಿದ್ರೆ ಗೊತ್ತಾಗಿಬಿಡುತ್ತಲ್ಲ. ಬೇಕಂತ ತಿರುಗಿಸಲಿಲ್ಲ ತಂಗೀ. ಕಣ್ಣು ಮುಚ್ಚಿಕೊಂಡು ಅಂದಾಜಿನ ಮೇಲೆ ಒಂದು ಕಡೆ ಹಾಕಿದೆ, ಆಮೇಲೆ ಒಳಗೆ ಬಂದು, 'ಎರಡೆರಡು ಸಲ ನೋಡಿದೆ' ಅಂತ ನಿನಗೆ ಬರೆದೆ.

ಅಣ್ಣ